ಅಮೀನಪ್ಪನ ನಿದ್ದೆಗೊಂದು ಸೂರು

ವಾಸ್ಕೋದ ಮಂಗೋರ್ ಹಿಲ್‌ಗೆ ಬಂದ ಹೊಸದರಲ್ಲಿ, ಇಲ್ಲಿನವರೆಲ್ಲ ಹಳೇ ಟೈರಿನ ವ್ಯಾಪಾರ ಮಾಡುತ್ತಾರೆಂದು ನಾನು ನಂಬಿದ್ದೆ. ಗುಡ್ಡದ ತುಂಬ ಯಾವ ಮನೆಯ ತಗಡು ನೋಡಿದರೂ ಮೇಲೆ ಟೈರು. ಧಾರವಾಡದ ನಮ್ಮ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಬಿಟ್ಟರೆ ಬೇರೇನನ್ನೂ ಇಟ್ಟದ್ದು ಕಂಡವನಲ್ಲ. ಹೀಗಾಗಿ ಸ್ಕೂಟರಿನ ಟೈರು ಸವೆದ ದಿನ ಒಂದು ಮನೆಯೆದುರು ನಿಂತು, ರೊಟ್ಟಿ ಬಡಿಯುತ್ತಿದ್ದ ಹೆಂಗಸಿಗೆ ಮೇಲೆ ಬೆರಳು ತೋರಿಸಿ, ಅವುಗಳಲ್ಲಿ ಒಂದು ನನ್ನ ಗಾಡಿಗೆ ಹೊಂದುತ್ತದೇನು ನೋಡಿ ಎಂದೆ.

ಆಕೆ ಹಿಟ್ಟಿನ ಕೈಯನ್ನೇ ಸೊಂಟಕ್ಕಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ತಗೊಂಡು ಹೋಗಪಾ. ಮಳಿಗಾಲದಾಗ ಗಾಳಿ ಬಿಟ್ಟಾಗ ಅದರ ಬದ್ಲಿ ನೀನ ಬಂದು ಮ್ಯಾಲ ಕುಂದ್ರು."

ಸಮುದ್ರದ ಗಾಳಿಗೆ ತಗಡು ಹಾರಿಹೋಗದಿರಲೆಂದು ಟೈರಿನ ಭಾರ ಹೇರುತ್ತಾರೆಂಬುದು ನನಗೆ ಹೊಳೆಯುವ ಹೊತ್ತಿಗೆ ಇಡೀ ಓಣಿ ನಕ್ಕು ಮುಗಿಸಿತ್ತು. ಆಕೆಯೇ ಹುಲಿಗೆವ್ವ. ಸ್ವಲ್ಪ ದಿನಕ್ಕೆ ತನ್ನ ಮನೆಗೆ ಅಂಟಿಕೊಂಡ ಖೋಲಿಯನ್ನು ನನಗೆ ಬಾಡಿಗೆಗೆ ಕೊಟ್ಟಳು. ಇಷ್ಟು ದಡ್ಡನನ್ನು ಬೇರೆ ಯಾರು ಇಟ್ಟುಕೊಂಡಾರು ಎಂಬ ಕರುಣೆ ಇರಬೇಕು.

ಹುಲಿಗೆವ್ವ ಕುಷ್ಟಗಿ ಕಡೆಯವಳು. ಫಾತೋರ್ಡಾದ ಕಟ್ಟಡಗಳಲ್ಲಿ ವರ್ಷಗಟ್ಟಲೆ ಕಾಂಕ್ರೀಟು ಹೊತ್ತವಳು. ಮಂದಿಯ ತಲೆಯ ಮೇಲೆ ಸ್ಲ್ಯಾಬ್ ಕೂರಿಸಿ ತನ್ನ ತಲೆಯ ಮೇಲೆ ತಗಡು ಹಾಕಿಕೊಂಡವಳು ಎಂದು ನಾನೊಮ್ಮೆ ಕವಿಯ ಧಾಟಿಯಲ್ಲಿ ಹೇಳಿದ್ದಕ್ಕೆ, ಈ ಗೋಡೆ ಸ್ಲ್ಯಾಬ್ ತಡೆಯುವುದಿಲ್ಲ, ಸುಮ್ಮನಿರು ಎಂದಿದ್ದಳು. ಮೊಣಕಾಲು ಹಿಡಿದ ಮೇಲೆ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಗಂಡ ಅಮೀನಪ್ಪನಿಗೆ ಬಂದರಿನಲ್ಲಿ ರಾತ್ರಿ ಪಾಳಿ. ಹಡಗಿನ ಹಗ್ಗ ಬಿಗಿಯುವ ಕೆಲಸ. ಮುಂಜಾನೆ ಬಂದು ಉಂಡು ಮಲಗಿದರೆ, ಬಿಸಿಲು ಏರುತ್ತಲೇ ತಗಡು ಕಾದು, ಮನುಷ್ಯ ಚಾಪೆಯ ಮೇಲೆ ರೊಟ್ಟಿಯಂತೆ ಮಗ್ಗಲು ಬದಲಿಸುತ್ತಿದ್ದ.

ಈ ಬೇಸಿಗೆಯಲ್ಲಿ ಅಮೀನಪ್ಪ ಹಡಗು ನಿಲ್ಲುವ ಧಕ್ಕೆಯ ಅಂಚಿನಲ್ಲಿ ನಿಂತಲ್ಲೇ ತೂಕಡಿಸಿದ. ಜೊತೆಯವನು ಅಂಗಿ ಹಿಡಿದು ಎಳೆಯದಿದ್ದರೆ ನೀರಿಗೆ ಬೀಳುತ್ತಿದ್ದ. ಇದನ್ನು ಅವನು ನಗುನಗುತ್ತ ಹೇಳಿದ. ಹುಲಿಗೆವ್ವ ನಗಲಿಲ್ಲ. ಕಿತ್ತುಬಂದ ಕಾಲರನ್ನು ಹೊಲಿದು ಅಂಗಿಯನ್ನು ಗೂಟಕ್ಕೆ ಹಾಕಿ, ಮಳೆ ಹಿಡಿಯುವುದರೊಳಗೆ ಸೂರು ಬದಲಾಗಬೇಕು ಎಂದಳು.

ನಾನು ತಕ್ಷಣ ತಜ್ಞನಾದೆ. ಆಫೀಸಿನಲ್ಲಿ ನನ್ನ ಮುಖ್ಯ ಕೆಲಸ, ಅಂದರೆ ಊಟವಾದ ಮೇಲೆ ಕಂಪ್ಯೂಟರಿನೆದುರು ತೂಕಡಿಸುವುದನ್ನು ಬದಿಗಿಟ್ಟು, ಮೊಬೈಲಿನಲ್ಲಿ ಸೂರಿನ ವಿಡಿಯೋಗಳನ್ನು ನೋಡಿದೆ. ಸಂಜೆ ಪತ್ರಾಸು ಎನ್ನುವ ಸಿಮೆಂಟ್ ಶೀಟು, ಬಣ್ಣದ ತಗಡು, ಹಂಚು ಎಂದು ಒಂದೊಂದರ ಗುಣಗಾನ ಮಾಡಿದೆ. ಹುಲಿಗೆವ್ವ ಎಲ್ಲ ಕೇಳಿ, ಇದನ್ನು ಹೇಳಿದವನು ಅವುಗಳ ಕೆಳಗೆ ಮಲಗಿ ಎದ್ದಿದ್ದಾನೋ ಎಂದಳು. ನನಗೆ ಗೊತ್ತಿರಲಿಲ್ಲ. ಹಾಗಾದರೆ ಅಮೀನಪ್ಪನೇ ಒಂದೊಂದರ ಕೆಳಗೆ ಮಲಗಿ ನೋಡಲಿ ಎಂದು ತೀರ್ಮಾನವಾಯಿತು.

ಹೀಗೆ ಶುರುವಾಯಿತು, ಕನ್ಯೆ ನೋಡಲು ಹೋದಂತೆ ಸೂರು ನೋಡುವ ತಿರುಗಾಟ. ಮುಂದೆ ಹುಲಿಗೆವ್ವ, ಹಿಂದೆ ಕಂಕುಳಲ್ಲಿ ತಲೆದಿಂಬು ಇಟ್ಟುಕೊಂಡು ನಾಚುತ್ತ ಅಮೀನಪ್ಪ, ಕೊನೆಗೆ, ಹೊಟ್ಟೆನೋವೆಂದು ರಜೆ ಹಾಕಿದ ನಾನು.

ಮೊದಲು ಕೆಳಗಿನ ಓಣಿಯ ರೇಣುವಿನ ಮನೆ, ಸಿಮೆಂಟ್ ಪತ್ರಾಸು. ಬಂದವರನ್ನು ಬಾಯಿಗೇನೂ ಕೊಡದೆ ಮಲಗಿಸುವುದು ನಮ್ಮ ಕಡೆಯವರಿಂದ ಆಗದ ಮಾತು. ರೇಣು ಉಪ್ಪಿಟ್ಟು ಮಾಡಿದಳು, ಶಿರಾ ಮಾಡಿದಳು, ಅಮೀನಪ್ಪ ಒಲ್ಲೆನೆಂದು ಅಡ್ಡ ಹಿಡಿದ ಕೈಯ ಮೇಲೇ ಇನ್ನೊಂದು ಸೌಟು ಬಡಿಸಿದಳು. ಅವನು ಬಿದ್ದುಕೊಂಡು ಗೊರಕೆ ಹೊಡೆದ. ಪತ್ರಾಸೇ ಸರಿ ಎಂದು ನಾನು ತೀರ್ಪು ಕೊಟ್ಟೆ.

"ಅದು ಪತ್ರಾಸಿನ ನಿದ್ದಿ ಅಲ್ಲೋ ತಮ್ಮಾ, ಉಪ್ಪಿಟ್ಟಿನ ನಿದ್ದಿ" ಎಂದಳು ಹುಲಿಗೆವ್ವ.

ಮರುದಿನ ಬರೀ ಹೊಟ್ಟೆಯಲ್ಲಿ ಅಲ್ಲೇ ಮಲಗಿಸಿದರೆ ಬೆವರಿ ತೊಯ್ದು ಎದ್ದ. ಅಂದಿನಿಂದ ಹೋದಲ್ಲೆಲ್ಲ ಹೊಸ್ತಿಲಲ್ಲೇ, ಇವರಿಗಿವತ್ತು ಉಪವಾಸ ಎಂದು ಆಕೆ ಸುಳ್ಳು ಹೇಳತೊಡಗಿದಳು. ಅಮೀನಪ್ಪ ಅಷ್ಟು ದೈವಭಕ್ತನೆಂದು ಓಣಿಗೆ ಗೊತ್ತಾದದ್ದು ಆಗಲೇ.

ಎರಡನೆಯದು ವೆಲ್ಡಿಂಗ್ ಕೆಲಸದ ಇಲಿಯಾಸನ ಮನೆ. ಬಣ್ಣದ ತಗಡು, ಒಳಗೆ ಫೋಮು. ತಂಪೇನೋ ಇತ್ತು. ಆದರೆ ಮೇಲೆ ಕಾಗೆ ನಡೆದರೆ ಎಮ್ಮೆ ನಡೆದಂತೆ. ಮಧ್ಯಾಹ್ನ ಒಂದು ಅಡ್ಡಮಳೆ ಹೊಡೆದದ್ದೇ ತಡ, ಅಮೀನಪ್ಪ ದಡಕ್ಕನೆ ಎದ್ದು ಕುಳಿತು ಯಾರ ಮದುವೆಯ ಬ್ಯಾಂಡು ಎಂದು ಕೇಳಿದ. ಇಲಿಯಾಸ ಮುಚ್ಚುಮರೆ ಮಾಡಲಿಲ್ಲ. ಮಳೆಗಾಲವಿಡೀ ತಾನು ಹೆಂಡತಿಯ ಜೊತೆ ಕೈಸನ್ನೆಯಲ್ಲೇ ಸಂಸಾರ ಮಾಡುವುದಾಗಿಯೂ, ಅದರಿಂದ ಜಗಳ ಕಡಿಮೆಯಾಗಿರುವುದಾಗಿಯೂ ಹೇಳಿದ.

ಕೊನೆಗೆ ಆಫೀಸಿಗೆ ರಜೆಯಿದ್ದ ದಿನ ಬಸ್ಸು ಹತ್ತಿ ಫಾತೋರ್ಡಾಕ್ಕೆ ಹೋದೆವು. ಅಲ್ಲಿ ನನ್ನ ಆಫೀಸಿನ ಹಿರಿಯರಾದ ಕಾರವಾರದ ಗೋದಾಬಾಯಿಯವರ ಬಾಡಿಗೆ ಮನೆಗೆ ಹಳೇ ಮಂಗಳೂರು ಹಂಚು. ನನ್ನ ಹೊಟ್ಟೆನೋವು ಹೇಗಿದೆ ಎಂದು ಅವರು ಬಾಗಿಲಲ್ಲೇ ವಿಚಾರಿಸಿದರು. ಅಮೀನಪ್ಪ ದಿಂಬಿಗೆ ತಲೆಕೊಟ್ಟ. ಮಳೆ ಬಂದು ಹಂಚಿನ ಮೇಲೆ ಮೆತ್ತಗೆ ಸುರಿದು ಹೋಯಿತು, ಅವನು ಏಳಲಿಲ್ಲ. ಗೋದಾಬಾಯಿಯವರು ಗಂಟೆ ಬಾರಿಸಿ ದೇವರಿಗೆ ದೀಪ ಹಚ್ಚಿದರು, ಏಳಲಿಲ್ಲ. ಪಾಳಿಗೆ ತಡವಾಗುತ್ತದೆಂದು ನಾನು ಎಬ್ಬಿಸಲು ಹೋದರೆ ಹುಲಿಗೆವ್ವ ನನ್ನ ಕೈ ಹಿಡಿದಳು.

"ಇರ್ಲಿ ಬಿಡೊ. ಭಾಳ ದಿನದ ಮ್ಯಾಲ ಬಾಯಿ ತಕ್ಕೊಂಡು ಮಲಗ್ಯಾನ."

ಆ ಪಾಳಿ ತಪ್ಪಿತು. ಸೂರು ಮಾತ್ರ ಗೊತ್ತಾಯಿತು.

ಅದೇ ರಸ್ತೆಯಲ್ಲಿ ಕೆಡವುತ್ತಿದ್ದ ಹಳೇ ಮನೆಯೊಂದರ ಹಂಚು ಸಿಕ್ಕಿತು. ಇಲಿಯಾಸ ಕಬ್ಬಿಣದ ಚೌಕಟ್ಟು ಮಾಡಿ, ಗುಡ್ಡದ ಗಾಳಿಗೆ ಹೆದರಿ ಅಂಚಿನ ಸಾಲನ್ನೆಲ್ಲ ತಂತಿಯಿಂದ ಬಿಗಿದ. ಮುರಿದದ್ದನ್ನು ಬಿಟ್ಟು ಉಳಿದ ಹಂಚು ಒಂದೇ ಕೋಣೆಗೆ ಸಾಕಾಯಿತು. ಅದು ಅಮೀನಪ್ಪನ ಕೋಣೆ. ಅಲ್ಲಿಂದ ಇಳಿಸಿದ ತಗಡು ನನ್ನ ಖೋಲಿಯ ತೂತು ತಗಡಿನ ಮೇಲೆ ಎರಡನೇ ಪದರವಾಗಿ ಬಂದು ಕುಳಿತಿತು, ಟೈರುಗಳ ಸಮೇತ. ಕೇಳಿದ್ದ ಟೈರು ಕಡೆಗೂ ಸಿಕ್ಕಿತಲ್ಲ ಎಂದು ರೇಣು ಈಗಲೂ ಹಂಗಿಸುತ್ತಾಳೆ.

ಮಳೆ ಹಿಡಿಯಿತು. ಅಮೀನಪ್ಪ ಹಗಲೆಲ್ಲ ಮಲಗುತ್ತಾನೆ, ಸಂಜೆ ಮುಖ ಅರಳಿಸಿಕೊಂಡು ಪಾಳಿಗೆ ಹೋಗುತ್ತಾನೆ. ನನ್ನ ತಲೆಯ ಮೇಲೆ ಮಾತ್ರ ರಾತ್ರಿಯಿಡೀ ಬ್ಯಾಂಡು. ಒಂದು ಭಾನುವಾರ, ಆಕೆ ರೊಟ್ಟಿ ಬೇಯಿಸುವಾಗ, ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಅಕ್ಕಾರ, ಬಾಡಿಗಿ ಕೊಡಾಂವ ನಾನೂ ಮನಷ್ಯಾನ ಅಲ್ರಿ? ನನ್ನ ಖೋಲಿಗೆ ಹಂಚು ಯಾವಾಗ ಹಾಕಸ್ತೀರಿ?"

ಹುಲಿಗೆವ್ವ ರೊಟ್ಟಿ ತಿರುವಿ ಹಾಕಿದಳು.

"ನೀ ಆಫೀಸಿನ್ಯಾಗ ತೂಕಡಿಸಿದ್ರ ನೀರಿಗೇನ್ ಬೀಳಂಗಿಲ್ಲಲ್ಲ."