ಕ್ವಾರಿ ನೆಲದ ಸ್ಯಾಂಪಲ್

ಮೇ ತಿಂಗಳ ಕೊನೆಯ ವಾರ, ಬೆಳಿಗ್ಗೆ ಏಳೂಕಾಲಕ್ಕೆ ಸಕಲೇಶಪುರದಿಂದ ಹಾಸನದ ಬಸ್ಸು ಹತ್ತಿದೆವು. ಜೊತೆಗಿದ್ದವರು ರೆಹಾನಾ. ಅದೇ ಊರಿನ ಲಾರಿ ಮಾಲೀಕರೊಬ್ಬರ ಮಗಳು, ಮಣ್ಣು ಪರೀಕ್ಷೆ ಅವರ ಕೆಲಸ. ಆಧಾರ್ ಕಾರ್ಡ್ ತೋರಿಸಿದ ಅವರಿಗೆ ಟಿಕೆಟ್ ಉಚಿತ, ನಾನು ದುಡ್ಡು ಕೊಟ್ಟೆ. ರಾತ್ರಿ ಮಳೆ ಬಿದ್ದಿತ್ತು. ಮಂಜಿನಲ್ಲಿ ಗುಡ್ಡಗಳು ಬುಡವಿಲ್ಲದೆ ತೇಲುತ್ತಿದ್ದವು.

ಆಲೂರಿನಲ್ಲಿ ಇಳಿದು ಇಡ್ಲಿ ತಿಂದು ಆಟೋ ಹಿಡಿದೆವು. ಒಂಬತ್ತು ಕಿಲೋಮೀಟರು. ಕೊನೆಯ ಎರಡು ಕಿಲೋಮೀಟರು ಹಿಂದೆ ಜಲ್ಲಿ ಲಾರಿಗಳು ಓಡಾಡಿದ ದಾರಿ. ಈಗ ಗಾಲಿಯ ಗುರುತಿನಲ್ಲಿ ಹುಲ್ಲು ಬೆಳೆದಿದೆ.

ಈರಮ್ಮ ಮತ್ತು ಚಂದ್ರಣ್ಣ ದಂಪತಿಯ ಎರಡು ಎಕರೆ ನೆಲ ಕಲ್ಲು ಕ್ವಾರಿಗೆ ಗುತ್ತಿಗೆ ಹೋಗಿತ್ತು. ಕ್ವಾರಿ ಮುಚ್ಚಿ ನೆಲ ವಾಪಸಾಗಿದೆ. ಅರ್ಧ ಗುಡ್ಡ ಇಲ್ಲ. ಅದಿದ್ದ ಜಾಗದಲ್ಲಿ ಹಸಿರು ನೀರು, ನೀರಿನೊಳಗೆ ಮೋಡ ನಡೆಯುತ್ತಿತ್ತು. ನಾವು ಆಡಿದ ಮಾತು ಎದುರಿನ ಬಂಡೆಗೆ ತಾಗಿ, ಬೇರೆ ಯಾರೋ ಹೇಳಿದಂತೆ ತಡವಾಗಿ ಕೇಳುತ್ತಿತ್ತು. ಹೊಂಡದ ಸುತ್ತ ಕಲ್ಲುಪುಡಿ ಹರಡಿ ಮಾಡಿದ ಬೂದು ಬಣ್ಣದ ಬಯಲು. ಅಲ್ಲಿ ಗಿಡ ಬದುಕುತ್ತದೆಯೇ ಎಂದು ತಿಳಿಯಲು ಬಂದಿದ್ದೆವು.

ಈರಮ್ಮನವರಿಗೆ ಕಾಯಲು ಸಮಯವಿರಲಿಲ್ಲ. ಮನೆ ಪಕ್ಕ ಮುನ್ನೂರು ಸಿಲ್ವರ್ ಓಕ್ ಸಸಿಗಳು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ನಿಂತಿದ್ದವು. ಎರಡು ವರ್ಷ ಅವರೇ ಸಾಕಿದವು. ಈ ಮಳೆಗೆ ನೆಡದಿದ್ದರೆ ಬೇರು ಸುತ್ತಿಕೊಂಡು ಹಾಳಾಗುತ್ತವೆ ಎಂದರು.

ಕ್ವಾರಿ ಮಣ್ಣನ್ನು ಡಬ್ಬಗಳಿಗೆ ತುಂಬಿ ಹೆಸರುಕಾಳು ಬಿತ್ತಿ ನೋಡಲು ಮೂರು ವಾರದ ಹಿಂದೆ ರೆಹಾನಾ ಹೇಳಿಕೊಟ್ಟಿದ್ದರು. ಈರಮ್ಮ ಡಬ್ಬಗಳಲ್ಲಿ ಬಿತ್ತಿದ್ದರು. ಬಯಲಿನಲ್ಲೂ ಅದೇ ದಿನ ಒಂದು ಸಾಲು ಬಿತ್ತಿ, ಎರಡಕ್ಕೂ ದಿನವೂ ನೀರು ಹಾಕಿದ್ದರು. ಜಗಲಿಯ ಡಬ್ಬಗಳಲ್ಲಿ ಗಿಡಗಳು ಗೇಣುದ್ದ, ಕಡು ಹಸಿರು. ಬಯಲಿನ ಸಾಲಿನಲ್ಲಿ ಹೆಬ್ಬೆರಳಿನಷ್ಟು, ಹಳದಿ. ಅರ್ಧಕ್ಕರ್ಧ ಮೊಳೆತೇ ಇಲ್ಲ.

ರೆಹಾನಾ ಒಂದು ಡಬ್ಬ ಮಗುಚಿದರು. ಕಪ್ಪು ಮಣ್ಣು, ಒಂದೂ ಕಲ್ಲಿಲ್ಲ. ಎರೆಹುಳ ಒಂದು ನಿಧಾನಕ್ಕೆ ಮಡಚಿಕೊಂಡಿತು. ಎಲ್ಲಿಂದ ತಂದಿರಿ ಎಂದು ಕೇಳಿದಾಗ ಈರಮ್ಮ ಬೇಲಿಯಂಚಿನ ಹಲಸಿನ ಮರ ತೋರಿಸಿದರು. ಅದೂ ತಮ್ಮದೇ ಸರ್ವೆ ನಂಬರು. ಮಣ್ಣನ್ನು ಜರಡಿ ಹಿಡಿದು, ಕಲ್ಲು ಆರಿಸಿ ತುಂಬಿದ್ದರಂತೆ.

"ಸ್ಯಾಂಪಲ್ ಅಂದ್ರೆ ಆರ್ಸಿ ಕೊಡೋದಲ್ವಾ, ಮೇಡಂ? ಕಾಫಿ ಎಸ್ಟೇಟ್ ಸ್ಟೋರಲ್ಲಿ ಹದಿನೈದು ವರ್ಷ ಅದೇ ಮಾಡಿದೀನಿ. ಕಪ್ಪು ಬೀಜ, ಮುರುಕು ಎಲ್ಲ ತೆಗ್ದು ಪೊಟ್ಟಣ ಕಟ್ಟದಿದ್ರೆ ಲೆಕ್ಕದ ರೈಟರ್ ಬಯ್ಯೋರು."

ಚಂದ್ರಣ್ಣ ಜಗಲಿಯಿಂದಲೇ ಹೇಳಿದರು: "ಆರ್ಸೋದ್ರಲ್ಲಿ ಭಾರಿ ಜಾಣೆ ಕಣ್ರೀ. ನನ್ನ ಒಪ್ಕಳೋವಾಗ ಮಾತ್ರ ಜರಡಿ ಮರ್ತ್ ಬುಟ್ಟಿದ್ಲು."

ಈರಮ್ಮ ನಗಲಿಲ್ಲ. ಹಳದಿ ಸಾಲಿನ ಮುಂದೆ ಕುಳಿತು ಒಂದು ಗಿಡ ಕಿತ್ತರು. ಬೇರು ಅರ್ಧ ಇಂಚೂ ಇಳಿದಿರಲಿಲ್ಲ.

ರೆಹಾನಾ ಮುಚ್ಚಿಡದೆ ಹೇಳಿದರು. ಕಲ್ಲುಪುಡಿ ನೀರು ಹಿಡಿಯುತ್ತಿಲ್ಲ, ಮೇಲೆ ಹೆಪ್ಪುಗಟ್ಟುತ್ತಿದೆ. ಈ ವರ್ಷ ಸಗಣಿ ಗೊಬ್ಬರ ಸೇರಿಸಿ, ಹಸಿರೆಲೆ ಗೊಬ್ಬರಕ್ಕೆಂದು ಅಪ್ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೇ ಮಗುಚಬೇಕು. ಸಸಿ ನೆಡುವುದನ್ನು ಆಮೇಲೆ ನೋಡೋಣ.

"ಹಂಗಾರೆ ಇವು?" ಎಂದು ಈರಮ್ಮ ಸಸಿಗಳ ಕಡೆ ತಿರುಗಿದರು.

ಹಲಸಿನ ಮರವಿರುವ ಬೇಲಿಯಂಚಿನಲ್ಲಿ ನಲವತ್ತು ಹಿಡಿಸಬಹುದು ಎಂದರು ರೆಹಾನಾ. ಮಂಜು ಹೊಂಡದಿಂದೆದ್ದು ಬಯಲು ದಾಟಿ, ಸಸಿಗಳ ನಡುವೆ ಹಾದುಹೋಯಿತು.

ಪ್ರಯೋಗಾಲಯಕ್ಕೆ ಹೊಸ ಮಣ್ಣು ಬೇಕಿತ್ತು. ರೆಹಾನಾ ಗುದ್ದಲಿ ಎತ್ತಿಕೊಂಡಾಗ ಈರಮ್ಮ ಅದನ್ನು ಇಸಿದುಕೊಂಡರು. ಬಯಲಿನ ಎಂಟು ಕಡೆ ತಾವೇ ಅಗೆದರು. ಗೋಣಿಯ ಮೇಲೆ ಸುರಿದು ಬೆರೆಸುವಾಗ ಬೆರಳಿಗೆ ಒಂದು ಚೂಪು ಕಲ್ಲು ಸಿಕ್ಕಿತು. ಎತ್ತಿದರು, ನೋಡಿದರು, ಮತ್ತೆ ಒಳಗೇ ಹಾಕಿದರು.

ಚೀಲದ ಬಾಯಿ ಕಟ್ಟಿ ಕೈಗೆ ಕೊಡುವಾಗ ಹೇಳಿದರು: "ನಮ್ಮ ನೆಲ ಹಿಂಗೇ ಐತೆ, ಮೇಡಂ. ಹಿಂಗೇ ಬರ್ಕಳಿ."

ಆಟೋ ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಗಂಡ ಹೆಂಡತಿ ತಲಾ ಎರಡೆರಡು ಸಸಿ ಹಿಡಿದು ಹಲಸಿನ ಮರದತ್ತ ಹೋಗುತ್ತಿದ್ದರು. ಯಾವ ನಲವತ್ತು ಎಂದು ಅವರು ಹೇಗೆ ಆರಿಸಿದರೋ ನಾನು ಕೇಳಿರಲಿಲ್ಲ.