ಮಳೆಮರದ ಮೇಲಿದ್ದ ಮನುಷ್ಯ

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ಮೇಲೆ ನಾನು ಹಿಡಿದ ಕೆಲಸ ನೋಡಿ ಜಯನಗರದ ನಮ್ಮ ಬೀದಿಯವರು ಮೊದಮೊದಲು ನಗುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಗೆ, ಬೇರೆಯವರು ಊಟ ಮುಗಿಸಿ ಫ್ಯಾನಿನ ಕೆಳಗೆ ಒರಗುವ ಹೊತ್ತಿಗೆ, ನಾನು ಛತ್ರಿಯನ್ನೂ ಥರ್ಮಾಮೀಟರನ್ನೂ ಹಿಡಿದು ಹೊರಡುತ್ತಿದ್ದೆ. ಜೆ.ಪಿ. ನಗರದ ಒಂದು ರಸ್ತೆಯಲ್ಲಿ ದೊಡ್ಡ ಮಳೆಮರವಿದೆ. ಅದರ ನೆರಳಲ್ಲಿ ಐದು ನಿಮಿಷ, ಸ್ವಲ್ಪ ಮುಂದಿನ ನೆರಳಿಲ್ಲದ ಬಸ್ ಸ್ಟಾಪಿನಲ್ಲಿ ಐದು ನಿಮಿಷ ನಿಂತು, ಎರಡೂ ಕಡೆ ಪಾದರಸ ಎಲ್ಲಿಗೆ ಏರಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಮೊಬೈಲಿನಲ್ಲಿ ವಿಡಿಯೋ ಮಾಡಿ, ಜಾಲತಾಣದ ನನ್ನ ಪುಟದಲ್ಲಿ ಹಾಕುತ್ತಿದ್ದೆ. ಭೂಮಿ ಬಿಸಿಯಾಗುತ್ತಿದೆ ಎಂದರೆ ಜನ ಎಲ್ಲೋ ಕರಗುವ ಹಿಮದ ಚಿತ್ರ ನೋಡಿ ಮರೆತುಬಿಡುತ್ತಾರೆ. ತಾವು ಬಸ್ಸಿಗೆ ಕಾಯುವ ಜಾಗದಲ್ಲಿ ನೋಡಿದರೆ ಏನಾದರೂ ಮಾಡಬೇಕು ಅನ್ನಿಸೀತು ಎಂಬುದು ನನ್ನ ಲೆಕ್ಕ. ನೋಡುತ್ತಿದ್ದವರು ನನ್ನ ಹಳೆಯ ವಿದ್ಯಾರ್ಥಿಗಳು, ನೆಂಟರು, ಇನ್ನು ಯಾರೋ ಒಂದಷ್ಟು ಜನ.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಧಾರವಾಡದ ಹುಡುಗಿ ಬಿಟಿಎಂನ ಒಂದು ಜಾಹೀರಾತು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ನನ್ನ ವಿಡಿಯೋಗಳನ್ನು ನೋಡಿ, ಮೊದಲ ಮೂರು ಸೆಕೆಂಡಿನಲ್ಲಿ ಜನರನ್ನು ಹಿಡಿದು ನಿಲ್ಲಿಸದಿದ್ದರೆ ಯಾರೂ ನೋಡುವುದಿಲ್ಲ ಎಂದು ಹೇಳಿಕೊಟ್ಟವಳು ಅವಳೇ. ಮನುಷ್ಯರ ಮುಖ ಇರಬೇಕು, ಸಿಟ್ಟು ಇರಬೇಕು ಎನ್ನುತ್ತಿದ್ದಳು. ನಾನು ತಲೆಯಾಡಿಸಿ ಮತ್ತೆ ಥರ್ಮಾಮೀಟರನ್ನೇ ತೋರಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಆ ರಸ್ತೆಯ ಮರಗಳ ಮೇಲೆ ಬಿಳಿ ಬಣ್ಣದ ನಂಬರುಗಳು ಬಂದವು. ರಸ್ತೆ ಅಗಲ ಮಾಡುತ್ತಾರಂತೆ, ಆಕ್ಷೇಪಣೆ ಇದ್ದವರು ಶನಿವಾರದ ಸಾರ್ವಜನಿಕ ಸಭೆಗೆ ಬಂದು ಹೇಳಬಹುದಂತೆ ಎಂಬ ನೋಟಿಸೂ ಬಂತು. ಸಭಾಂಗಣ ತುಂಬಿಸಬೇಕು ಎಂದು ನಾನೂ ಮಹಡಿಯ ಹುಡುಗಿಯೂ ನಿರ್ಧರಿಸಿದೆವು.

ಮಂಗಳವಾರ ಬೆಳಿಗ್ಗೆ ಆ ರಸ್ತೆಗೆ ಹೋದಾಗ ಗರಗಸದ ಸದ್ದು ಕೇಳಿಸಿತು. ಮಳೆಮರದ ಮೇಲೆ ಒಬ್ಬ ನಿಂತಿದ್ದ. ಸೊಂಟಕ್ಕೆ ಹಗ್ಗ, ತಲೆಗೆ ಟವಲು. ಕೊಂಬೆಗಳು ದಬದಬ ಬೀಳುತ್ತಿದ್ದವು. ನಾನು ಮೊಬೈಲು ತೆಗೆದೆ. ವಿಡಿಯೋ ಮಾಡಿದೆ. ಕೆಳಗೆ ನೋಡಿದ ಅವನ ಮುಖ ಚೆನ್ನಾಗಿ ಬಂತು. ಮನೆಗೆ ಬಂದು, ಸಭೆ ನಡೆಯುವುದಕ್ಕೂ ಮೊದಲೇ ಮರ ಕಡಿಯುತ್ತಿದ್ದಾರೆ, ಇದು ಕೊಲೆ ಎಂದು ಬರೆದು ಹಾಕಿದೆ.

ಸಂಜೆಯೊಳಗೆ ಅದು ಊರೆಲ್ಲ ಓಡಾಡಿತು. ಮೊಬೈಲು ಮೇಜಿನ ಮೇಲೆ ಗುಂಯ್‌ಗುಟ್ಟುತ್ತಲೇ ಇತ್ತು. ಬನಶಂಕರಿಯಲ್ಲಿರುವ ನನ್ನ ತಂಗಿಗೆ ಅದೇ ವಿಡಿಯೋ ಬೇರೆ ಮೂರು ಕಡೆಯಿಂದ ಬಂದಿತ್ತು. ಶನಿವಾರ ಬರುತ್ತೇವೆ ಎಂದು ನೂರಾರು ಜನ ಬರೆದರು. ಅಷ್ಟು ಜನ ನನ್ನ ಮಾತು ಕೇಳಿದ್ದು ಬದುಕಿನಲ್ಲಿ ಅದೇ ಮೊದಲು. ಆ ಖುಷಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಬುಧವಾರ ಎರಡು ಗಂಟೆಗೆ ಎಂದಿನಂತೆ ಥರ್ಮಾಮೀಟರ್ ಹಿಡಿದು ಹೋದೆ. ಮರ ನಿಂತೇ ಇತ್ತು. ನೆರಳೂ ಇತ್ತು. ವಿದ್ಯುತ್ ತಂತಿಗೆ ತಗುಲುತ್ತಿದ್ದ ಮೂರು ನಾಲ್ಕು ಕೊಂಬೆಗಳನ್ನು ಮಾತ್ರ ಒಪ್ಪವಾಗಿ ತೆಗೆದಿದ್ದರು. ಎದುರಿನ ಅಂಗಡಿಯವರನ್ನು ಕೇಳಿದೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಕರೆಂಟ್ ಲೈನಿನವರು ಬಂದು ಹಾಗೆ ಮಾಡುತ್ತಾರೆ, ಈ ಸಲ ಕಿಡಿ ಹಾರುತ್ತಿದೆ ಎಂದು ದೂರು ಕೊಟ್ಟವರು ತಾವೇ ಎಂದರು. ರಸ್ತೆ ಅಗಲ ಮಾಡುವುದಕ್ಕೂ ಮರದ ಮೇಲಿದ್ದವನಿಗೂ ಸಂಬಂಧವೇ ಇರಲಿಲ್ಲ.

ನೇರ ಮನೆಗೆ ಬಂದು, ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಹಡಿಯ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಶನಿವಾರ ಒಂದು ಮುಗೀಲಿ ಆಂಟಿ, ಆಮ್ಯಾಲೆ ತಗದ್ರಾತು. ಈಗ ತಗದ್ರ, ಮರದ ಬಗ್ಗೆ ನೀವು ಹೇಳಿದ್ದು ಎಲ್ಲಾನೂ ಸುಳ್ಳು ಅಂತಾರ ಮಂದಿ."

ಅವಳ ಮಾತಿನಲ್ಲಿ ಹುರುಳಿತ್ತು. ಆದರೆ ನಾನು ಒಪ್ಪಿದ್ದು ಆ ಹುರುಳಿಗಾಗಿ ಮಾತ್ರ ಅಲ್ಲ. ಅಷ್ಟೊಂದು ಜನರ ಮುಂದೆ ತಪ್ಪು ಒಪ್ಪಿಕೊಳ್ಳಲು ನನಗೆ ಹೆದರಿಕೆಯಾಗಿತ್ತು. ಇಡೀ ಒಂದು ದಿನ ನಾನು ಸುಮ್ಮನಿದ್ದೆ. ತಿಳಿಯದೆ ಮಾಡಿದ್ದಕ್ಕಿಂತ, ತಿಳಿದೂ ಸುಮ್ಮನಿದ್ದ ಆ ಒಂದು ದಿನವೇ ನನ್ನನ್ನು ಈಗಲೂ ಚುಚ್ಚುವುದು.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಯಾರೋ ಅವನ ಮುಖವನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿ ಹಾಕಿದ್ದರು. ಇನ್ಯಾರೋ ಅವನ ಫೋನ್ ನಂಬರು ಹುಡುಕಿ ಹಾಕಿದ್ದರು. ಕಟುಕ, ಕಳ್ಳ ಎನ್ನುವ ಮಾತುಗಳು, ಅದಕ್ಕಿಂತ ಕೆಟ್ಟವು. ಅವನ್ನೆಲ್ಲ ಓದುತ್ತಾ ಕೆಳಗಿಳಿದಾಗ ಒಬ್ಬ ಹುಡುಗಿಯ ಸಣ್ಣ ಕಾಮೆಂಟು ಸಿಕ್ಕಿತು: ಇವರು ನನ್ನ ಅಪ್ಪ, ಕರೆಂಟ್ ಲೈನಿನ ಕೊಂಬೆ ತೆಗೆಯುವ ಕೆಲಸ ಮಾಡುತ್ತಾರೆ, ದಯವಿಟ್ಟು ಬೈಯಬೇಡಿ. ಅದರ ಕೆಳಗೆ ಜನ ಆ ಹುಡುಗಿಗೂ ಬೈದಿದ್ದರು.

ನಾನು ಅವಳಿಗೆ ಮೆಸೇಜ್ ಮಾಡಿ, ವಿಡಿಯೋ ಹಾಕಿದವಳು ನಾನೇ, ನಿಮ್ಮ ತಂದೆಯ ಜೊತೆ ಮಾತಾಡಬೇಕು ಎಂದೆ. ಉತ್ತರ ತಕ್ಷಣ ಬಂತು. "ಮೊದಲು ವಿಡಿಯೋ ತೆಗೀರಿ."

ತೆಗೆದೆ. ಮಹಡಿಯ ಹುಡುಗಿಯನ್ನು ಕೇಳಲಿಲ್ಲ. ಆದರೆ ನಾನು ಅಳಿಸಿದ್ದು ನನ್ನ ಪುಟದಲ್ಲಿದ್ದದ್ದನ್ನು ಮಾತ್ರ. ಬೇರೆಯವರು ಉಳಿಸಿಕೊಂಡು ಮತ್ತೆ ಹಾಕಿದ ಪ್ರತಿಗಳು ಓಡಾಡುತ್ತಲೇ ಇದ್ದವು. ಒಬ್ಬೊಬ್ಬರಿಗೂ ತೆಗೆಯಿರಿ ಎಂದು ಬರೆಯುತ್ತಾ ಕೂತೆ. ಕೆಲವರು ತೆಗೆದರು. ಉಳಿದವರು, ಎಷ್ಟಕ್ಕೆ ಮಾರಿಕೊಂಡಿರಿ ಎಂದು ಕೇಳಿದರು.

ಶುಕ್ರವಾರ ಬೆಳಿಗ್ಗೆ, ಅವನ ಮಗಳು ಆಮೇಲೆ ಕಳಿಸಿದ ವಿಳಾಸ ಹುಡುಕಿಕೊಂಡು, ಆಟೋ ಹಿಡಿದು ಗೊಟ್ಟಿಗೆರೆಗೆ ಹೋದೆ. ನಾನೂ ಬರ್ತೀನಿ ಎಂದು ಮಹಡಿಯ ಹುಡುಗಿ ತಾನಾಗಿ ಹತ್ತಿದಳು. ಹೊಸ ಅಪಾರ್ಟ್‌ಮೆಂಟುಗಳ ಹಿಂದಿನ ಹಳೆಯ ಬೀದಿಯಲ್ಲಿ ಶೀಟಿನ ಮನೆ. ಅವನು ಬಾಗಿಲಲ್ಲೇ ಕೂತಿದ್ದ. ಫೋನ್ ಆಫ್ ಮಾಡಿಟ್ಟಿದ್ದ. ವಿಷಯ ತಣ್ಣಗಾಗುವ ತನಕ ಬರಬೇಡ ಎಂದು ಕಂಟ್ರಾಕ್ಟರು ಹೇಳಿದ್ದರಂತೆ. ಅವನ ಹೆಂಡತಿ ನಮ್ಮನ್ನು ನೋಡಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ತಪ್ಪಾಯಿತು ಎಂದೆ. ಮರ ಉಳಿಸುವ ಆತುರದಲ್ಲಿ ನೋಡಲಿಲ್ಲ ಎಂದೆ. ಅವನು ನನ್ನ ಮುಖ ನೋಡದೆ ಕೇಳಿಸಿಕೊಂಡ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ನನಗೇ ಹಗುರವಾಗುತ್ತಿತ್ತು.

"ನೀವು ಮರದ ಕೆಳಗೇ ನಿಂತಿದ್ರಿ ಮೇಡಂ," ಎಂದ. "ಒಂದು ಮಾತು ಕೇಳಬಹುದಿತ್ತು. ಗರಗಸ ನಿಲ್ಲಿಸಿ ಹೇಳ್ತಿದ್ದೆ."

ಕ್ಷಮೆ ಕೇಳುವ ವಿಡಿಯೋ ಹಾಕುತ್ತೇನೆ, ನೀವೂ ಎರಡು ಮಾತು ಹೇಳಿದರೆ ಜನ ನಂಬುತ್ತಾರೆ ಎಂದೆ. ತನ್ನ ಮುಖ ಇನ್ನು ಎಲ್ಲೂ ಬೇಡ ಎಂದ. ಅಲ್ಲಿಂದ ನಾವು ಕಂಟ್ರಾಕ್ಟರ್ ಹತ್ತಿರ ಹೋದೆವು. ಮಹಡಿಯ ಹುಡುಗಿ ಅವರ ಮುಂದೆ ನಿಂತು, ನಡೆದದ್ದನ್ನು ನನಗಿಂತ ಚೆನ್ನಾಗಿ ವಿವರಿಸಿ, ನನ್ನಿಂದ ಪತ್ರ ಬರೆಸಿ ಕೊಟ್ಟಳು. ಅವರು ನೋಡೋಣ ಎಂದರು. ಸಂಜೆ ನಾನೊಬ್ಬಳೇ ಮೊಬೈಲಿನ ಮುಂದೆ ಕೂತು, ನಾನು ಹಾಕಿದ್ದು ತಪ್ಪು, ಆ ಮನುಷ್ಯ ತನ್ನ ಕೆಲಸ ಮಾಡುತ್ತಿದ್ದ ಎಂದು ಹೇಳಿದೆ. ಅದನ್ನು ಹಂಚಿದವರು ಬೆರಳೆಣಿಕೆಯಷ್ಟು.

ಶನಿವಾರ ಸಭಾಂಗಣದಲ್ಲಿ ಕುರ್ಚಿಗಳು ಖಾಲಿ ಇದ್ದವು. ಬರುತ್ತೇವೆ ಎಂದು ಬರೆದ ನೂರಾರು ಜನರಲ್ಲಿ ಬಂದವರು ಮೂವತ್ತೋ ನಲವತ್ತೋ. ನನ್ನ ಸರದಿ ಬಂದಾಗ ಅಧಿಕಾರಿ ಕಾಗದದಿಂದ ತಲೆಯೆತ್ತಿದರು.

"ಆ ಸುಳ್ಳು ವಿಡಿಯೋ ಹಾಕಿದ್ದು ನೀವೇ ಅಲ್ವಾ ಮೇಡಂ?"

ಸಭೆಯಲ್ಲಿ ಯಾರೋ ನಕ್ಕರು. ನಾನು ಚೀಲದಿಂದ ನೋಟ್‌ಬುಕ್ ತೆಗೆದೆ.

"ನಾನೇ ಸಾರ್. ತಪ್ಪಾಗಿತ್ತು, ತೆಗ್ದಿದ್ದೀನಿ. ಆದ್ರೆ ಈ ನೋಟ್‌ಬುಕ್ಕಲ್ಲಿರೋದು ಸುಳ್ಳಲ್ಲ."

ಎರಡು ಬೇಸಿಗೆಯಲ್ಲಿ ದಿನವೂ ಬರೆದಿಟ್ಟ ಉಷ್ಣತೆಗಳನ್ನು ಓದತೊಡಗಿದೆ. ಅರ್ಧದಲ್ಲೇ ಸಾಕು ಎಂದರು. ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ನಾನು ಅವರನ್ನು ನೋಡಿದ್ದೆ. ಮನೆಗೆಲಸ ಮುಗಿಸಿ ಕೋಣನಕುಂಟೆಯ ಬಸ್ಸಿಗೆ ಆ ಮಳೆಮರದ ರಸ್ತೆಯಲ್ಲಿ ಕಾಯುತ್ತಿದ್ದವರು. ಬಿಸಿಲಿಗೆ ಒಮ್ಮೆ ತಾನು ಬಸ್ ಸ್ಟಾಪಿನಲ್ಲಿ ತಲೆಸುತ್ತಿ ಬಿದ್ದದ್ದನ್ನು, ಅಂದಿನಿಂದ ಮಳೆಮರದ ಕೆಳಗೆ ನಿಂತು ಬಸ್ಸು ಕಂಡ ಕೂಡಲೇ ಓಡುವುದನ್ನು ಹೇಳಿದರು. ನನ್ನ ವಿಡಿಯೋಗಳನ್ನು ಯಜಮಾನರ ಮನೆಯ ಮಗಳು ತೋರಿಸಿದ್ದಳಂತೆ. ಅವರ ನಂತರ ಇನ್ನೂ ನಾಲ್ಕೈದು ಜನ ಎದ್ದರು. ಅಧಿಕಾರಿ ಬರೆದುಕೊಳ್ಳತೊಡಗಿದರು.

ಆರೇಳು ವಾರದ ಮೇಲೆ ತೀರ್ಮಾನ ಬಂತು. ಮಳೆಮರವಿದ್ದ ಬದಿಯ ಮರಗಳು ಉಳಿದವು, ಎದುರು ಬದಿಯ ಹೊಂಗೆಗಳು ಹೋದವು. ಅವು ಉರುಳಿದ ದಿನ ನಾನು ಆ ಕಡೆ ಹೋಗಲಿಲ್ಲ. ಹೊಂಗೆಗಳೂ ಉಳಿಯುತ್ತಿದ್ದವೇನೋ, ನನ್ನ ವಿಡಿಯೋ ಅಧಿಕಾರಿಗಳ ಕೈಗೆ ಸುಳ್ಳು ಎಂಬ ಮಾತು ಕೊಡದೆ ಇದ್ದಿದ್ದರೆ ಎಂದು ಮಹಡಿಯ ಹುಡುಗಿಗೆ ಹೇಳಿದೆ. ಅವಳು ಇರಬಹುದು ಎಂದಳು, ಸಮಾಧಾನ ಹೇಳಲಿಲ್ಲ.

ಶಾಲೆ ತೆರೆದ ಮೇಲೆ ಗೊಟ್ಟಿಗೆರೆಯ ಹುಡುಗಿಯಿಂದ ಮೆಸೇಜ್ ಬಂತು. ಅಪ್ಪ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ, ಆದರೆ ಕ್ಲಾಸಿನಲ್ಲಿ ನನ್ನನ್ನು ಇನ್ನೂ ಮರ ಕೊಲ್ಲೋನ ಮಗಳು ಅಂತಾರೆ ಎಂದು ಬರೆದಿದ್ದಳು. ನಾನು ಬಂದು ಮಾತಾಡಲೇ ಎಂದು ಕೇಳಿದೆ. ಅಪ್ಪನನ್ನು ಕೇಳಿ ಎರಡು ದಿನದ ಮೇಲೆ ಹೂಂ ಅಂದಳು.

ಅವಳ ಶಾಲೆಯ ಒಂಬತ್ತನೇ ತರಗತಿಯಲ್ಲಿ ನಿಂತು, ಜನರನ್ನು ಒಟ್ಟುಗೂಡಿಸುವ ಅವಸರದಲ್ಲಿ ನಾನು ಹೇಗೆ ಒಬ್ಬರ ಮೇಲೆ ಸುಳ್ಳು ಹೊರಿಸಿದೆ ಎಂದು ಮೊದಲಿನಿಂದ ಹೇಳಿದೆ. ಮಕ್ಕಳು ಪ್ರಶ್ನೆ ಕೇಳಿದರು. ಗೊತ್ತಾದ ದಿನವೇ ಯಾಕೆ ತೆಗೆಯಲಿಲ್ಲ ಎಂದು ಒಬ್ಬಳು ಕೇಳಿದಳು. ಹೆದರಿಕೆಯಾಗಿತ್ತು ಎಂದೆ. ಅವನ ಮಗಳು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಬೆಲ್ ಹೊಡೆದ ಮೇಲೆ ಅವಳು ಗೇಟಿನವರೆಗೆ ನನ್ನ ಜೊತೆ ನಡೆದು ಬಂದಳು, ಗೇಟು ತೆರೆದುಕೊಟ್ಟು ಹಿಂತಿರುಗಿ ಹೋದಳು.