ಮುದ್ದೆ ಕಟ್ಟುವ ಕೈ

ತುರುವೇಕೆರೆಯ ಆ ಹಾಸ್ಟೆಲಿನಲ್ಲಿದ್ದು ಓದಿದ ಹುಡುಗರು ಪಾಠ ಹೇಳಿದ ಮೇಷ್ಟ್ರ ಹೆಸರು ಮರೆತಿರಬಹುದು, ಗಂಗಕ್ಕನ ಮುದ್ದೆಯನ್ನು ಮರೆತಿರಲಾರರು. ತಟ್ಟೆಗೆ ಬಿದ್ದರೆ ಬಿರಿಯದ, ಬೆರಳಿಗೆ ಅಂಟದ, ಸಾರಿನಲ್ಲಿ ಅದ್ದಿದರೆ ತಾನಾಗಿ ಗಂಟಲಿಗಿಳಿಯುವ ಮುದ್ದೆ. ಆದರೆ ಅದು ಗಂಗಕ್ಕ ಒಬ್ಬಳದಲ್ಲ ಎಂಬುದು ಆ ಹುಡುಗರಿಗೂ ಗೊತ್ತಿರಲಿಲ್ಲ, ಅವರ ವಾರ್ಡನ್ನರಿಗೂ ಬಹಳ ಕಾಲ ಗೊತ್ತಿರಲಿಲ್ಲ. ತೊಳಸುತ್ತಿದ್ದವಳು ತಿಮ್ಮಕ್ಕ, ಕಟ್ಟುತ್ತಿದ್ದವಳು ಗಂಗಕ್ಕ. ಇಬ್ಬರು ಅಡುಗೆಯವರು ಕೆಲಸ ಹಂಚಿಕೊಂಡಿದ್ದಾರೆ, ಅದರಲ್ಲೇನು ಎಂದು ನೋಡಿದವರು ಅಂದುಕೊಳ್ಳುತ್ತಿದ್ದರು.

ಗಂಗಕ್ಕ ದಂಡಿನಶಿವರದ ಕಡೆಯವಳು. ಗಂಡ ಶ್ರೀರಂಗಯ್ಯ ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದ. ಮನುಷ್ಯ ಒಳ್ಳೆಯವನೇ, ಆದರೆ ಅವನ ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ತೊಂಬತ್ತರ ದಶಕದ ಮೊದಲಿಗೆ ಹಾಸ್ಟೆಲಿನಲ್ಲಿ ದಿನಗೂಲಿ ಅಡುಗೆಯವಳಾಗಿ ಸೇರಿದಾಗ ಗಂಗಕ್ಕ, ಬೆಳೆ ಬರಲಿ ಬಿಡಲಿ ಹುಡುಗರಂತೂ ದಿನಾ ಉಣ್ಣಲೇಬೇಕಲ್ಲ, ಇದು ತಪ್ಪುವ ಕೆಲಸವಲ್ಲ ಎಂದು ಲೆಕ್ಕ ಹಾಕಿದ್ದಳು. ಲೆಕ್ಕ ಸರಿಯಾಗಿಯೇ ಇತ್ತು. ಅದರಲ್ಲಿ ತನ್ನ ಕೈಯನ್ನು ಮಾತ್ರ ಅವಳು ಸೇರಿಸಿರಲಿಲ್ಲ.

ಕೆಲಸಕ್ಕೆ ಸೇರಿ ನಾಲ್ಕೈದು ವರ್ಷಕ್ಕೆ ಬೆಳಗಿನ ಹೊತ್ತು ಬೆರಳು ಬಿಗಿದುಕೊಳ್ಳತೊಡಗಿತು. ಎದ್ದರೆ ಎರಡೂ ಕೈ ಅರ್ಧ ಮುಷ್ಟಿ. ಸೀರೆಯ ನೆರಿಗೆ ಹಿಡಿಯಲಾಗದು, ಲೋಟ ಎತ್ತಲಾಗದು. ಹೊತ್ತೇರಿದ ಮೇಲೆ ನಿಧಾನಕ್ಕೆ ಸಡಿಲವಾಗುವುದು. ಲಕ್ಕಿ ಸೊಪ್ಪಿನ ಶಾಖ ಆಯಿತು, ಹರಳೆಣ್ಣೆ ಆಯಿತು, ಕೊನೆಗೆ ತುಮಕೂರಿನ ಡಾಕ್ಟರೂ ಆಯಿತು. ಅವರು ಕೈ ಹಿಡಿದು ನೋಡಿ, ಇದು ಕೀಲುವಾತ, ಪೂರ್ತಿ ವಾಸಿಯಾಗುವುದಲ್ಲ, ಮಾತ್ರೆ ನುಂಗುತ್ತಿರಬೇಕು, ತಣ್ಣೀರಿನಲ್ಲಿ ಕೈ ಇಡಬೇಡಿ, ಭಾರದ ಕೆಲಸ ಮಾಡಬೇಡಿ ಎಂದರು. ಅಡುಗೆಯವಳಿಗೆ ನೀರು ಮುಟ್ಟಬೇಡ, ಕೊಳಗ ಎತ್ತಬೇಡ ಎಂದು ಹೇಳುವುದು ಸುಲಭ. ಹಾಗಾದರೆ ಏನು ಮಾಡಲಿ ಎಂದು ಗಂಗಕ್ಕ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಾತ್ರೆ ಕಟ್ಟಿಸಿಕೊಂಡು ಬಂದಳು.

ಮನೆಯ ಮುದ್ದೆ ಬೇರೆ, ಹಾಸ್ಟೆಲಿನ ಮುದ್ದೆ ಬೇರೆ. ಮಗುವನ್ನು ಕೂರಿಸಿ ಮೀಯಿಸುವಷ್ಟು ದೊಡ್ಡ ಕೊಳಗ, ಅದರ ತುಂಬ ಕುದಿಯುವ ಎಸರು, ಅದಕ್ಕೆ ರಾಗಿ ಹಿಟ್ಟು. ಕೊಳಗ ಅಲುಗದಂತೆ ಕವೆಗೋಲನ್ನು ಕಾಲಲ್ಲಿ ಒತ್ತಿ ಹಿಡಿದು, ತೋಳುದ್ದದ ಕೋಲಿನಿಂದ ಗಂಟಿಲ್ಲದ ಹಾಗೆ ತೊಳಸಬೇಕು. ಮಣಿಕಟ್ಟು, ಮೊಣಕೈ, ರಟ್ಟೆ ಎಲ್ಲವೂ ಅದಕ್ಕೆ ಬೇಕು. ಒಂದು ಬೆಳಿಗ್ಗೆ ಗಂಗಕ್ಕನ ಕೈಯಿಂದ ಕೋಲು ಜಾರಿ ಒಲೆಯ ಮುಂದಿನ ತೆಂಗಿನ ಮಟ್ಟೆಗಳ ಮೇಲೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಹಿಡಿಯಲಿಲ್ಲ. ಜೊತೆಯಲ್ಲಿ ಅಡುಗೆ ಮಾಡುತ್ತಿದ್ದ ತಿಮ್ಮಕ್ಕ ಅವಳಿಗಿಂತ ಸ್ವಲ್ಪ ದೊಡ್ಡವಳು, ಗಟ್ಟಿಮುಟ್ಟಾದ ಹೆಂಗಸು. ನೋಡಿದಳು. ಕೋಲು ತಾನೇ ಎತ್ತಿಕೊಂಡಳು.

"ನಾನು ತೊಳಸ್ತೀನಿ ಬುಡು. ನೀನು ಕಟ್ಟು."

"ಬೆರಳು ಬಿಚ್ತಿಲ್ಲ ಕಣಕ್ಕಯ್ಯ."

"ಬಿಸೀಲಿ ಇಕ್ಕು, ಬಿಚ್ತವೆ. ಏನ್ ಕಟ್ಟಿಗೇನೇ ಅವು, ಬಿಚ್ದೆ ಇರಕ್ಕೆ?"

ತಮಾಷೆಗೆ ಆಡಿದ ಮಾತು ನಿಜವಾಯಿತು. ಕೈಯನ್ನು ತಣ್ಣೀರಿಗೆ ಅದ್ದಿ ಸುಡುವ ಹಿಟ್ಟಿನೊಳಕ್ಕೆ ಇಟ್ಟಾಗ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಮೊದಲ ಮುದ್ದೆ ಸೊಟ್ಟಗೆ ಬಂತು. ಇನ್ನೊಂದೆರಡು ಕಟ್ಟುವಷ್ಟರಲ್ಲಿ ಕೈ ತನ್ನ ಹಳೆಯ ಹದಕ್ಕೆ ಬಂದಿತ್ತು. ಅಂದಿನಿಂದ ಅದೇ ರೂಢಿಯಾಯಿತು. ಒಬ್ಬಳ ರಟ್ಟೆ, ಇನ್ನೊಬ್ಬಳ ಅಂಗೈ. ಎರಡು ಹೊತ್ತೂ ಮುದ್ದೆ ಉಣ್ಣುವ ಹುಡುಗರಿಗೆ ಯಾವ ಕೊರತೆಯೂ ಆಗಲಿಲ್ಲ, ವಾರ್ಡನ್ ಶಂಭುಲಿಂಗಯ್ಯನವರಿಗೆ ಯಾವ ದೂರೂ ಹೋಗಲಿಲ್ಲ. ತಿಮ್ಮಕ್ಕ ಈ ವಿಷಯವನ್ನು ತನ್ನ ಮನೆಯಲ್ಲೂ ಆಡಲಿಲ್ಲ.

ಮೊದಮೊದಲು ಅಂಗೈ ಸುಡುತ್ತಿತ್ತು. ಆಮೇಲೆ ಆ ಬಿಸಿ ಹಿತವಾಗತೊಡಗಿತು. ವರ್ಷಗಳು ಹೋದ ಹಾಗೆ ಸುಡುವುದೂ ಹೋಯಿತು, ಹಿತವೂ ಹೋಯಿತು. ಅಂಗೈ ಜೋಮು ಹಿಡಿದಂತೆ ಇರುತ್ತಿತ್ತು. ಆ ಜೋಮು ಅಂಗೈಯಲ್ಲಿ ನಿಲ್ಲದೆ ಮೇಲಕ್ಕೂ ಹತ್ತಿತೋ ಏನೋ. ಮಗಳು ಗಂಗಲಕ್ಷ್ಮಿ ಎಸ್ಸೆಸ್ಸೆಲ್ಸಿ ಪಾಸಾದೆನೆಂದು ಓಡಿ ಬಂದು ಹೇಳಿದಾಗ ಗಂಗಕ್ಕ "ಆಯ್ತು ಬುಡವ್ವ" ಎಂದು ಸೊಪ್ಪು ಸೋಸುವುದನ್ನು ಮುಂದುವರಿಸಿದಳು. ಖುಷಿ ಇರಲಿಲ್ಲವೆಂದಲ್ಲ. ಅದು ಎಲ್ಲೋ ದೂರದಲ್ಲಿ ಇತ್ತು. ಮಗಳು ಸ್ವಲ್ಪ ಹೊತ್ತು ನಿಂತು ಹೊರಟುಹೋದಳು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಸುದ್ದಿ ಬಂತು. ಹಳೆಯ ದಿನಗೂಲಿಯವರನ್ನು ಕಾಯಂ ಮಾಡುತ್ತಾರೆ. ಆದರೆ ಕೆಲಸ ಮಾಡಲು ಮೈಕೈ ಸರಿಯಾಗಿದೆ ಎಂದು ಸರ್ಕಾರಿ ಡಾಕ್ಟರಿಂದ ಸರ್ಟಿಫಿಕೇಟ್ ತರಬೇಕು. ಇಲ್ಲದವರು ಮನೆಗೆ. ಡಾಕ್ಟರು ನೋಡುವುದು ಬೆಳಿಗ್ಗೆ. ಬೆಳಿಗ್ಗೆ ಎಂದರೆ ಗಂಗಕ್ಕನ ಕೈ ಮುಷ್ಟಿಯಾಗಿರುವ ಹೊತ್ತು. ಕೆಲಸ ಹೋಗುತ್ತದೆ ಎಂದು ಅವಳಿಗೆ ಖಾತ್ರಿಯಾಯಿತು. ಅಳು ಬರಬೇಕಿತ್ತು, ಬರಲಿಲ್ಲ.

ದಾರಿ ಹುಡುಕಿದವಳು ತಿಮ್ಮಕ್ಕನೇ. ಡಾಕ್ಟರ ಬಳಿ ಹೋಗುವ ದಿನ ಬೆಳಿಗ್ಗೆ ಕೊಳಗದಿಂದ ಆಗತಾನೇ ತೆಗೆದ ಎರಡು ಮುದ್ದೆಗಳನ್ನು ಬಾಳೆ ಎಲೆಯಲ್ಲಿ ಸುತ್ತಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ, ಗಂಗಕ್ಕನ ಸೆರಗಿನ ಒಳಗೆ ಒಂದೊಂದು ಕೈಗೆ ಒಂದೊಂದರಂತೆ ಹಿಡಿಸಿದಳು. ಹಾಗೇ ಹಿಡಿದುಕೊಂಡು ಗಂಗಕ್ಕ ತಿಮ್ಮಕ್ಕನ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿದ್ದ ಮುದುಕನೊಬ್ಬ ರಾಗಿಯ ವಾಸನೆ ಹಿಡಿದು, "ಬುತ್ತಿ ತಂದ್ಬುಟ್ಟಿದೀಯಾ ತಾಯಿ, ಒಳ್ಳೇದಾಯ್ತು, ಇಲ್ಲಿ ತಡವಾಯ್ತದೆ" ಎಂದ. ತಡವಾಗಲಿಲ್ಲ. ಹೆಸರು ಕರೆದಾಗ ಮುದ್ದೆಗಳನ್ನು ತಿಮ್ಮಕ್ಕನ ಮಡಿಲಿಗೆ ಹಾಕಿ ಒಳಗೆ ಹೋದಳು. ಡಾಕ್ಟರು ಚಿಕ್ಕ ವಯಸ್ಸಿನವರು, ಹೊರಗೆ ಜನ ತುಂಬಿದ್ದರು. ಕೈ ಚಾಚಿ ಎಂದರು, ಚಾಚಿದಳು. ಮುಷ್ಟಿ ಮಾಡಿ ಎಂದರು, ಮಾಡಿದಳು. ಬಿಚ್ಚಿ ಎಂದರು. ಬೆರಳುಗಳು ಹೇಳಿದ ಮಾತು ಕೇಳಿದವು.

"ಅಂಗೈ ಯಾಕಿಷ್ಟು ಕೆಂಪಗಿದೆ? ಒಲೆ ಮುಂದಿನ ಕೆಲಸ ಅಲ್ವಾ" ಎಂದು ತಾವೇ ಕೇಳಿ ತಾವೇ ಉತ್ತರ ಹೇಳಿಕೊಂಡು ಡಾಕ್ಟರು ರುಜು ಹಾಕಿದರು.

ವಾಪಸು ಬರುವಾಗ ಇಬ್ಬರೂ ಕೆರೆ ಏರಿಯ ಮೇಲೆ ಕೂತು ಆ ಮುದ್ದೆಗಳನ್ನು ಸಾರಿಲ್ಲದೆ ತಿಂದರು. ಸರ್ಕಾರಕ್ಕೇ ಮುದ್ದೆ ಉಣಿಸಿಬಿಟ್ಟೆವಲ್ಲ ಎಂದು ತಿಮ್ಮಕ್ಕ ನಕ್ಕಳು. ಗಂಗಕ್ಕನಿಗೂ ನಗು ಬಂತು. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ, ಕೆನ್ನೆ ನೋಯತೊಡಗಿತು.

ಆದೇಶ ಬಂತು. ಇಬ್ಬರೂ ಕಾಯಂ. ಗಂಗಕ್ಕ ತುರುವೇಕೆರೆಯಲ್ಲೇ, ತಿಮ್ಮಕ್ಕ ಕಂದಿಕೆರೆಯ ಹಾಸ್ಟೆಲಿಗೆ. ಅಲ್ಲಿ ಅಡುಗೆಯವರು ಇರಲಿಲ್ಲ, ಇಲ್ಲಿ ಇಬ್ಬರಿದ್ದರು. ಕೊಟ್ಟವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಒಂದು ಮುದ್ದೆಯನ್ನು ಎರಡು ತಾಲ್ಲೂಕಿಗೆ ಹಂಚುತ್ತಿದ್ದೇವೆಂದು ಅವರಿಗೆ ಹೇಗೆ ಗೊತ್ತಾಗಬೇಕು? ತಿಮ್ಮಕ್ಕ ಬಟ್ಟೆಗಂಟು ಹಿಡಿದು ಬಸ್ಸು ಹತ್ತುವಾಗ "ಎಂಗೋ ಮಾಡ್ಕೊಳೇ" ಎಂದಳು. ಗಂಗಕ್ಕ "ಊಂ" ಎಂದಳು.

ಆಮೇಲಿನ ಬೆಳಗುಗಳಲ್ಲಿ ಗಂಗಕ್ಕ ಕೋಲಿನ ತುದಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಎದೆಯಿಂದ ನೂಕಿ ತೊಳಸಿದಳು. ಸಂಜೆ ಬೆರಳು ಸಡಿಲವಾಗಿದ್ದರೂ ಕೋಲನ್ನು ಬಿಗಿಯಾಗಿ ಹಿಡಿಯುವ ಬಲ ಬರುತ್ತಿರಲಿಲ್ಲ. ಅಡಿ ಹಿಡಿಯಿತು, ಮೇಲೆ ಹಸಿ ಹಿಟ್ಟು ಉಳಿಯಿತು, ನಡುವೆ ನೆಲ್ಲಿಕಾಯಿ ಗಾತ್ರದ ಗಂಟುಗಳು. ಹುಡುಗರು ಗಂಟುಗಳನ್ನು ಆರಿಸಿ ಗೋಡೆಗೆ ಹೊಡೆದರು. ಶ್ರೀರಂಗಯ್ಯ ಎರಡು ಬೆಳಿಗ್ಗೆ ಬಂದು ತೊಳಸಿಕೊಟ್ಟ. ಹೊರಗಿನವರು ಅಡುಗೆಮನೆಗೆ ಕಾಲಿಡಕೂಡದೆಂದು ಶಂಭುಲಿಂಗಯ್ಯನವರು ಅವನನ್ನು ಗೇಟಿನಿಂದಲೇ ಕಳಿಸಿದರು. ಒಂದು ಮಧ್ಯಾಹ್ನ ಗಂಗಕ್ಕನನ್ನೂ ಆಫೀಸಿಗೆ ಕರೆಸಿದರು. ಕೆಟ್ಟ ಮನುಷ್ಯರಲ್ಲ, ಕೂತ್ಕೊಳ್ಳಿ ಎಂದರು. ಗಂಗಕ್ಕ ನಿಂತೇ ಎಲ್ಲವನ್ನೂ ಹೇಳಿದಳು. ಕೀಲುವಾತ, ಬೆಳಗಿನ ಬಿಗಿತ, ತಿಮ್ಮಕ್ಕ, ಎಲ್ಲ. ಬಿಸಿ ಮುದ್ದೆ ಹಿಡಿದು ಆಸ್ಪತ್ರೆಗೆ ಹೋದದ್ದೊಂದನ್ನು ಬಿಟ್ಟು.

ಅವರು ಅವಳ ಕೈ ನೋಡಿದರು. ಮಧ್ಯಾಹ್ನವಾದ್ದರಿಂದ ಬೆರಳುಗಳು ಸಾಕಷ್ಟು ನೆಟ್ಟಗೇ ಇದ್ದವು.

"ಗಂಗಕ್ಕ, ಕೈ ಚೆನ್ನಾಗಿದೆ ಅಂತ ಡಾಕ್ಟ್ರು ಮೊನ್ನೆ ಮೊನ್ನೆ ಬರ್ಕೊಟ್ಟಿದಾರೆ. ಈಗ ಕೈಲಾಗಲ್ಲ ಅಂತ ನಾನು ಬರೆದ್ರೆ, ಸುಳ್ಳು ಹೇಳಿ ಕಾಯಂ ಆದ್ರು ಅಂತ ಆಗುತ್ತೆ ಕಣ್ರೀ. ಇರೋ ಕೆಲಸಾನೂ ಹೋಗುತ್ತೆ. ಬರೀಲಾ?"

"ಬ್ಯಾಡ ಸಾ."

"ಇನ್ನೊಂದು ತಿಂಗಳು ನೋಡ್ತೀನಿ. ಮುದ್ದೆ ಸರಿಹೋಗ್ಲಿಲ್ಲ ಅಂದ್ರೆ ಬರೀದೆ ನನಗೂ ಬೇರೆ ದಾರಿ ಇರಲ್ಲ."

ತಿಂಗಳು ಮುಗಿಯುತ್ತ ಬಂತು. ಮುದ್ದೆ ಸರಿಹೋಗಲಿಲ್ಲ. ಗಂಗಕ್ಕ ದೇವರಿಗೆ ಹರಕೆ ಹೊರಲೂ ಇಲ್ಲ, ಯಾರನ್ನೂ ಬೈಯಲೂ ಇಲ್ಲ. ಎದ್ದಳು, ಒಲೆ ಹಚ್ಚಿದಳು, ಎದೆಯಿಂದ ನೂಕಿದಳು. ಎದೆಗೂಡಿನ ಮೇಲೆ ಕೋಲು ಒತ್ತಿದ ಕಡೆ ಕರಿ ಮಚ್ಚೆಯಾಗಿತ್ತು. ಅದು ನೋಯುತ್ತದೋ ಇಲ್ಲವೋ ಎಂದು ಗಂಡ ಕೇಳಿದರೆ ಗೊತ್ತಾಗುವುದಿಲ್ಲ ಎಂದಳು.

ಹಾಗಿರುವಾಗ ಒಂದು ಭಾನುವಾರ ತಿಮ್ಮಕ್ಕ ರಜಾ ಹಾಕಿ ಬಂದಳು. ಅಡುಗೆಮನೆಯ ಹಿಂದೆ ಮಟ್ಟೆ ರಾಶಿಯ ಮೇಲೆ ಇಬ್ಬರೂ ಕೂತರು. ತಿಮ್ಮಕ್ಕ ತನ್ನ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಬೊಬ್ಬೆ ಎದ್ದು ಒಡೆದು, ಚರ್ಮ ಸುಲಿದು, ಮತ್ತೆ ಅದರ ಮೇಲೇ ಬೊಬ್ಬೆ ಎದ್ದಿತ್ತು. ಇಷ್ಟು ವರ್ಷ ತೊಳಸಿ ತೊಳಸಿ ಅವಳಿಗೆ ಅಷ್ಟು ಮುದ್ದೆ ಒಟ್ಟಿಗೆ ಕಟ್ಟುವ ರೂಢಿಯೇ ತಪ್ಪಿಹೋಗಿತ್ತು.

"ಬೆಂಕಿ ಕಣೇ ಅದು. ಎಂಗೇ ಕಟ್ತಿದ್ದೆ ಇಷ್ಟು ವರ್ಸ? ನಿಂಗೆ ಸುಡ್ತಿರ್ಲಿಲ್ವಾ?"

"ಮೊದ್ಲು ಸುಡ್ತಿತ್ತು."

ತಿಮ್ಮಕ್ಕನ ಕೈಯನ್ನು ಗಂಗಕ್ಕ ತನ್ನ ಕೈಯಲ್ಲಿ ಇಟ್ಟುಕೊಂಡಳು. ಬೊಬ್ಬೆಗಳು ಕಣ್ಣಿಗೆ ಕಾಣುತ್ತಿದ್ದವು, ಅಂಗೈಗೆ ತಿಳಿಯುತ್ತಿರಲಿಲ್ಲ. ಅವಳು ಒಳಗೆ ಹೋಗಿ ಹರಳೆಣ್ಣೆ ತಂದು ಸವರಿದಳು. ಎಷ್ಟು ಒತ್ತುತ್ತಿದ್ದೇನೆಂದು ಗೊತ್ತಾಗದೆ, ತಿಮ್ಮಕ್ಕ ಮುಖ ಕಿವುಚಿದಾಗೆಲ್ಲ ಕೈ ಹಗುರ ಮಾಡಿದಳು.

ಸಂಜೆಯ ಎಸರು ಕುದಿಯಿತು. ತಿಮ್ಮಕ್ಕ ಎದ್ದು, ಅಂಗೈಗೆ ಬಟ್ಟೆ ಸುತ್ತಿಕೊಂಡು, ಕೋಲು ಹಿಡಿದಳು. ತೊಳಸಿದಳು. ಗಂಗಕ್ಕ ಕಟ್ಟಿದಳು. ಹಲಗೆಯ ಮೇಲೆ ಮುದ್ದೆಗಳು ಸಾಲಾಗಿ, ಹೊಳೆಯುತ್ತ ಕೂತವು. ಕೋಲು ತೊಳೆದು ಮೂಲೆಗೆ ಒರಗಿಸಿ ತಿಮ್ಮಕ್ಕ ಹಿತ್ತಿಲ ಬಾಗಿಲಿಂದ ಹೊರಟಳು. "ಬಸ್ಸು ತಪ್ತದೆ, ಬತ್ತೀನಿ ಕಣೇ" ಎಂದಳು.

ಊಟದ ಹೊತ್ತಿಗೆ ಹುಡುಗರ ಸಾಲಿನಲ್ಲಿ ಗಲಾಟೆ ಇರಲಿಲ್ಲ. ಇನ್ನೊಂದು ಹಾಕಿ, ಇನ್ನೊಂದು ಹಾಕಿ ಎಂಬ ಮಾತಷ್ಟೇ. ಶಂಭುಲಿಂಗಯ್ಯನವರೂ ಅವತ್ತು ಹುಡುಗರ ಜೊತೆಗೇ ಉಂಡರು. ಕೈ ತೊಳೆದು ನೇರ ಅಡುಗೆಮನೆಗೆ ಬಂದರು. ಮುಖದಲ್ಲಿ ನಿಜವಾದ ಸಂತೋಷ ಇತ್ತು.

"ನೋಡಿದ್ರಾ ಗಂಗಕ್ಕ? ಡಾಕ್ಟ್ರು ಬರೆದಿದ್ದೇ ಸರಿ. ಕೈಲೇನೂ ಇಲ್ಲ, ನಿಮಗೆ ಧೈರ್ಯ ಸಾಲ್ದಾಗಿತ್ತು ಅಷ್ಟೇ. ಇನ್ನು ನಾನು ಬರೆಯೋದೇನಿಲ್ಲ ಬಿಡಿ."

ತೊಳಸಿದ್ದು ನಾನಲ್ಲ ಎಂದು ಗಂಗಕ್ಕ ಹೇಳಬೇಕೆಂದುಕೊಂಡಳು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ, ಕೈ ಚೆನ್ನಾಗಿದೆಯೆಂದು ಡಾಕ್ಟರ ಮುಂದೆ ಒಪ್ಪಿಕೊಂಡ ಹಾಗೆ ಈಗ ಎರಡನೆಯ ಸಲ ಒಪ್ಪಿಕೊಂಡ ಹಾಗೆ. ಇನ್ನು ಮುಂದೆ ಗಂಟು ಉಳಿದರೆ ಅದು ನೋವಲ್ಲ, ಮೈಗಳ್ಳತನ.

"ನಾಳೆನೂ ಹಿಂಗೇ ಇರ್ಲಿ" ಎಂದರು ಅವರು.

"ಆಗ್ಲಿ ಸಾ" ಎಂದಳು ಗಂಗಕ್ಕ.

ಮರುದಿನ ಬೆಳಿಗ್ಗೆ ಒಲೆಗೆ ಮಟ್ಟೆ ಇಟ್ಟು, ಎಸರಿಟ್ಟಳು. ಬೆರಳು ಎಂದಿನ ಹಾಗೇ ಮುಷ್ಟಿಯಾಗಿದ್ದವು. ಆವಿ ಏಳತೊಡಗಿದ ಮೇಲೆ ಅದರ ಮೇಲೆ ಎರಡೂ ಕೈ ಹಿಡಿದು ನಿಂತಳು. ಊಟದ ಮನೆಯಿಂದ ಹುಡುಗರು ತಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು. ಕೋಲು ತಿಮ್ಮಕ್ಕ ಒರಗಿಸಿ ಹೋದ ಮೂಲೆಯಲ್ಲೇ ಇತ್ತು. ಗಂಗಕ್ಕ ಹೋಗಿ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.